ನಗೆನಾಟಕವನ್ನು ಸಿನಿಮಾ ಮಾಡಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿಮ್ಮ ಹವ್ಯಾಸಿ ತಂಡದ ನಗೆನಾಟಕವನ್ನು ಸಿನಿಮಾ ಮಾಡಲು ಹೊರಟಿರುವ ಸುದ್ದಿ ಓದಿ ಬಹಳ ಸಂತೋಷವಾಯಿತು. ರಂಗದ ಮೇಲೆ ಗೆದ್ದ ನಾಟಕದ ಒಂದು ಮಾತನ್ನೂ ಬಿಡುವುದಿಲ್ಲವೆಂದು ನೀನು ಪಟ್ಟು ಹಿಡಿದಿರುವುದನ್ನೂ, ಅರ್ಧಕ್ಕರ್ಧ ಮಾತು ತೆಗೆಯದೆ ಚಿತ್ರ ನಿಲ್ಲದೆಂದು ಕ್ಯಾಮೆರಾ ಹಿಡಿಯುವವರು ವಾದಿಸುತ್ತಿರುವುದನ್ನೂ ಬರೆದಿದ್ದೀಯ. ಈ ಜಗಳಕ್ಕೆ ಸಿನಿಮಾದ ಮಾತಿನಷ್ಟೇ ವಯಸ್ಸಾಗಿದೆ. ಇಂಗ್ಲಿಷ್ ನಾಟಕಕಾರ ಜಾರ್ಜ್ ಬರ್ನಾರ್ಡ್ ಶಾ ಅವರೂ ನಿನ್ನಂತೆಯೇ ಪಟ್ಟು ಹಿಡಿದವರು. ಅವರ ಹಾಸ್ಯನಾಟಕಗಳು ತೆರೆಗೆ ಬಂದ ಕಥೆಯನ್ನು ನೀನು ಚಿತ್ರೀಕರಣಕ್ಕೆ ಮೊದಲು ತಿಳಿದಿರಬೇಕೆಂದು ನನಗೆ ತೋರುತ್ತದೆ.

ಮೂಕಿಚಿತ್ರಗಳ ಕಾಲ ಮುಗಿದು ಟಾಕಿಗಳು ಬಂದಾಗ ಸ್ಟುಡಿಯೋಗಳಿಗೆ ತುರ್ತಾಗಿ ಬೇಕಾದದ್ದು ಸಂಭಾಷಣೆ. ಅದು ಸಿದ್ಧವಾಗಿ ಸಿಗುತ್ತಿದ್ದುದು ನಾಟಕದವರ ಬಳಿ. ಕೃತಿ, ನಟರು, ಮಾತು, ಎಲ್ಲವೂ ರಂಗದಿಂದ ಬಂದವು. ಆದರೆ ಕ್ಯಾಮೆರಾದ ಮೋಟಾರಿನ ಸದ್ದು ಮೈಕಿಗೆ ಕೇಳಬಾರದೆಂದು ಕ್ಯಾಮೆರಾವನ್ನು ಒಂದು ಸಣ್ಣ ಕೋಣೆಯೊಳಗೆ ಕೂಡಿಹಾಕುತ್ತಿದ್ದ ದಿನಗಳವು. ಹೂದಾನಿಯಲ್ಲೋ ಮೇಜಿನ ಮರೆಯಲ್ಲೋ ಅಡಗಿಸಿಟ್ಟ ಮೈಕನ್ನು ಬಿಟ್ಟು ನಟರು ದೂರ ಸರಿಯುವಂತಿರಲಿಲ್ಲ. ಅಮೆರಿಕದ ನಗೆನಟರಾದ ಮಾರ್ಕ್ಸ್ ಸಹೋದರರು 1925ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಆಡಿದ್ದ ‘ದಿ ಕೋಕೋನಟ್ಸ್’ 1929ರಲ್ಲಿ ಚಿತ್ರವಾದಾಗ, ಕಾಗದದ ಸರಸರ ಸದ್ದು ಮಾತನ್ನೇ ನುಂಗಿಹಾಕುತ್ತಿದ್ದುದರಿಂದ ಕಾಗದಗಳನ್ನು ನೀರಿನಲ್ಲಿ ನೆನೆಸಿ ಕೊಟ್ಟರು. ಆ ಚಿತ್ರದಲ್ಲಿ ಗ್ರೌಚೋ ಮತ್ತು ಚಿಕೋ ನಕಾಶೆ ಹರಡಿಕೊಂಡು ವಾದಿಸುವ ದೃಶ್ಯವನ್ನು ನೋಡು: ನಕಾಶೆ ಒದ್ದೆ ಬಟ್ಟೆಯಂತೆ ಜೋತುಬಿದ್ದಿದೆ.

ಅದಕ್ಕಿಂತ ದೊಡ್ಡ ತೊಡಕು ನಗೆಯದು. ರಂಗದ ಮೇಲಿನ ಹಾಸ್ಯನಟನು ಪ್ರೇಕ್ಷಕರ ನಗೆ ಏಳುವುದನ್ನು ಕಾದು, ಅದು ಇಳಿಯುವ ಹೊತ್ತಿಗೆ ಸರಿಯಾಗಿ ಮುಂದಿನ ಮಾತನ್ನು ಎತ್ತಿಕೊಳ್ಳುತ್ತಾನೆ. ಸ್ಟುಡಿಯೋದಲ್ಲಿ ನಗುವವರು ಯಾರೂ ಇಲ್ಲ. ಬಿಡುವು ಕೊಡದೆ ಮಾತಾಡಿದರೆ ಚಿತ್ರಮಂದಿರದ ನಗೆಯಲ್ಲಿ ಮುಂದಿನ ಮಾತು ಮುಳುಗುತ್ತದೆ, ಬಿಡುವು ಕೊಟ್ಟು ಜನ ನಗದಿದ್ದರೆ ತೆರೆಯ ಮೇಲೆ ಬರಿಯ ಶೂನ್ಯ ಉಳಿಯುತ್ತದೆ. ಗುಬ್ಬಿ ವೀರಣ್ಣನವರ ‘ಸದಾರಮೆ’ 1935ರಲ್ಲಿ ಟಾಕಿಯಾಯಿತು. ಸಭೆಯ ಉಸಿರಾಟವನ್ನು ನೋಡಿಕೊಂಡು ಕಳ್ಳನ ಪಾತ್ರವನ್ನು ಬೆಳೆಸುತ್ತಿದ್ದ ಅಂಥ ನಟರಿಗೆ ಸಭೆಯೇ ಇಲ್ಲದ ಸೆಟ್ಟು ಎಷ್ಟು ಬರಿದಾಗಿ ಕಂಡಿರಬೇಕೆಂದು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಮಾರ್ಕ್ಸ್ ಸಹೋದರರು ಇದಕ್ಕೆ ಕಂಡುಕೊಂಡ ಉಪಾಯ ನಿನಗೂ ಒದಗಬಹುದು: 1935ರ ‘ಎ ನೈಟ್ ಅಟ್ ದಿ ಆಪೆರಾ’ ಚಿತ್ರದ ನಗೆದೃಶ್ಯಗಳನ್ನು ಚಿತ್ರೀಕರಣಕ್ಕೆ ಮೊದಲೇ ಊರೂರಿನ ರಂಗಮಂದಿರಗಳಲ್ಲಿ ಆಡಿ, ನಗೆ ಎಲ್ಲಿ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಅಳೆದುಕೊಂಡರು.

ಈಗ ಶಾ ಅವರ ವಿಷಯಕ್ಕೆ ಬರುತ್ತೇನೆ. ಟಾಕಿಗೆ ಅವರು ಮೊದಲು ಇಡಿಯಾಗಿ ಕೊಟ್ಟದ್ದು ‘ಹೌ ಹಿ ಲೈಡ್ ಟು ಹರ್ ಹಸ್ಬೆಂಡ್’ ಎಂಬ ಏಕಾಂಕ. ವಿವಾಹಿತೆಯೊಬ್ಬಳಿಗೆ ತರುಣನೊಬ್ಬ ಬರೆದ ಪ್ರೇಮಕವಿತೆಗಳು ಗಂಡನ ಕೈಗೆ ಸಿಗುತ್ತವೆ. ಅವು ನಿನ್ನ ಹೆಂಡತಿಯನ್ನು ಕುರಿತವಲ್ಲವೆಂದು ತರುಣ ಸುಳ್ಳು ಹೇಳಿದೊಡನೆ, ನನ್ನ ಹೆಂಡತಿ ಕವಿತೆಗೆ ಯೋಗ್ಯಳಲ್ಲವೇ ಎಂದು ಗಂಡನೇ ಸಿಡಿದೇಳುತ್ತಾನೆ. ಎಂಥ ಚೆಂದದ ಹೊಳಹು! ಮಾತಿಗೆ ಕತ್ತರಿ ಹಾಕಕೂಡದೆಂಬ ಶಾ ಅವರ ಷರತ್ತಿಗೆ ಒಪ್ಪಿ, 1931ರಲ್ಲಿ ನಿರ್ದೇಶಕ ಸೆಸಿಲ್ ಲೂಯಿಸ್ ಆ ನಾಟಕವನ್ನು ಒಂದೇ ಕೋಣೆಯಲ್ಲಿ, ಬರೆದದ್ದು ಬರೆದಂತೆಯೇ ಚಿತ್ರಿಸಿದರು. ಚಿತ್ರ ಗೆಲ್ಲಲಿಲ್ಲ. ಮರುವರ್ಷ ಅವರೇ ಮಾಡಿದ ‘ಆರ್ಮ್ಸ್ ಅಂಡ್ ದಿ ಮ್ಯಾನ್’ ಕೂಡ ಸೋತಿತು.

ಆಮೇಲೆ ಬಂದವರು ಗೇಬ್ರಿಯಲ್ ಪಾಸ್ಕಲ್ ಎಂಬ ಹಂಗೇರಿಯ ನಿರ್ಮಾಪಕರು. ಹೆಚ್ಚು ಹಣವೂ ಹೆಸರೂ ಇಲ್ಲದ ಆ ಮನುಷ್ಯನನ್ನು ನಂಬಿ ಶಾ ಅವರು ‘ಪಿಗ್ಮೇಲಿಯನ್’ ನಾಟಕದ ಹಕ್ಕನ್ನು ಕೊಟ್ಟರು. ಹೂ ಮಾರುವ ಎಲೈಜಾ ಎಂಬ ಹುಡುಗಿಗೆ ಉಚ್ಚಾರಣೆ ತಿದ್ದಿ, ಅವಳನ್ನು ದೊಡ್ಡಮನೆತನದವಳೆಂದು ನಂಬಿಸಲು ಹೊರಡುವ ಭಾಷಾತಜ್ಞ ಹಿಗ್ಗಿನ್ಸನ ಕಥೆ ಅದು. ಆ ನಾಟಕದ ಜರ್ಮನ್ ಮತ್ತು ಡಚ್ ಚಿತ್ರಗಳು ಪಾಸ್ಕಲ್ ಅವರ ಚಿತ್ರಕ್ಕೆ ಮೊದಲೇ ಬಂದು, ಎರಡೂ ಶಾ ಅವರಿಗೆ ಬೇಸರ ತರಿಸಿದ್ದವು. 1938ರಲ್ಲಿ ಆಂಟನಿ ಆಸ್ಕ್ವಿತ್ ಮತ್ತು ಲೆಸ್ಲಿ ಹೋವರ್ಡ್ ಸೇರಿ ನಿರ್ದೇಶಿಸಿದ ಇಂಗ್ಲಿಷ್ ಚಿತ್ರಕ್ಕಾಗಿ ಶಾ ಅವರು ತಾವೇ ಹೊಸ ದೃಶ್ಯಗಳನ್ನು ಬರೆದುಕೊಟ್ಟರು, ಮಾತು ಕಡಿಮೆಯಾಗುವುದಕ್ಕೂ ಒಪ್ಪಿದರು. ರಂಗದ ಮೇಲೆ ಎರಡು ಅಂಕಗಳ ನಡುವೆ, ತೆರೆಯ ಹಿಂದೆಯೇ ಕಳೆದುಹೋಗುತ್ತಿದ್ದ ಎಲೈಜಾಳ ಪರೀಕ್ಷೆ, ರಾಯಭಾರ ಕಚೇರಿಯ ಔತಣಕೂಟದಲ್ಲಿ, ಇಲ್ಲಿ ಕಣ್ಣೆದುರು ನಡೆಯುತ್ತದೆ. ತಿಂಗಳುಗಟ್ಟಲೆಯ ಉಚ್ಚಾರಣೆಯ ಪಾಠವನ್ನು ಸಂಕಲನಕಾರ ಡೇವಿಡ್ ಲೀನ್ ಯಂತ್ರಗಳು, ಮುಖಗಳು, ಧ್ವನಿಗಳ ತುಣುಕುಗಳಲ್ಲಿ ಸರಸರನೆ ಓಡಿಸುತ್ತಾರೆ.

ಹಾಗೆಂದು ಚಿತ್ರ ಮಾತನ್ನು ಕೈಬಿಟ್ಟಿಲ್ಲ. ಹಿಗ್ಗಿನ್ಸನ ತಾಯಿಯ ಮನೆಯ ಚಹಾಕೂಟದಲ್ಲಿ ಎಲೈಜಾ ಹವಾಮಾನ ವರದಿಯನ್ನು ಒಪ್ಪಿಸಿದ ಮೇಲೆ, ಇನ್‌ಫ್ಲುಯೆಂಜಾದಿಂದ ಸತ್ತಳೆಂದು ಜನ ಹೇಳುವ ತನ್ನ ಚಿಕ್ಕಮ್ಮನನ್ನು ಮನೆಯವರೇ ಮುಗಿಸಿರಬೇಕೆಂಬ ಗುಮಾನಿಯನ್ನು ಅಷ್ಟೇ ಶುದ್ಧ ಉಚ್ಚಾರಣೆಯಲ್ಲಿ, ಅಷ್ಟೇ ಗಂಭೀರವಾಗಿ ಹೇಳುತ್ತಾಳೆ. ಈ ದೃಶ್ಯದ ಜೀವವೇ ಮಾತು. ರಂಗದ ಮೇಲೂ ಇದೇ ಪಾತ್ರವನ್ನು ಮಾಡಿದ್ದ ವೆಂಡಿ ಹಿಲ್ಲರ್ ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಇಡುತ್ತಾರೆ, ಮುಖ ಕದಲುವುದಿಲ್ಲ. ಕ್ಯಾಮೆರಾ ಕೇಳುವವರ ಕಡೆ ಹೊರಳಿದಾಗ ಅವರ ಮುಜುಗರವನ್ನು ಕಂಡು ನಾವು ನಗುತ್ತೇವೆ. ರಂಗನಟಿಗೆ ಸಭೆಯ ನಗೆ ಕೊಡುತ್ತಿದ್ದ ಬಿಡುವನ್ನು ಇಲ್ಲಿ ಆ ಮುಖಗಳು ಕೊಡುತ್ತವೆ. ನಿನ್ನ ನಾಟಕದ ಯಾವ ಮಾತನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಕೇಳಿದ್ದೀಯಲ್ಲ. ಕೇಳಿಸಿಕೊಳ್ಳುವವನ ಮುಖದಲ್ಲಿ ಏನನ್ನಾದರೂ ಹುಟ್ಟಿಸುವ ಮಾತನ್ನು ಉಳಿಸು, ಕಣ್ಣಿಗೆ ಕಾಣುವುದನ್ನೇ ಮತ್ತೆ ವಿವರಿಸುವ ಮಾತನ್ನು ಧೈರ್ಯವಾಗಿ ಬಿಡು.

ಒಂದು ಕಡೆ ಮಾತ್ರ ನಾನು ಪೂರ್ತಿಯಾಗಿ ಶಾ ಅವರ ಪಕ್ಷ. ಎಲೈಜಾ ಹಿಗ್ಗಿನ್ಸನ ಕೈಯಿಂದ ಬಿಡಿಸಿಕೊಂಡು ಸ್ವತಂತ್ರಳಾಗುವುದೇ ನಾಟಕದ ತಿರುಳು. ಅವಳು ತನ್ನನ್ನು ಮೆಚ್ಚಿದ ತರುಣ ಫ್ರೆಡ್ಡಿಯನ್ನು ಮದುವೆಯಾದಳೆಂದು ಶಾ ಅವರು ನಾಟಕಕ್ಕೆ ಅನುಬಂಧವನ್ನೇ ಬರೆದರು. 1914ರ ಲಂಡನ್ ಪ್ರದರ್ಶನದಲ್ಲಿ ಹಿಗ್ಗಿನ್ಸ್ ಆಗಿದ್ದ ಬೀರ್ಬೋಮ್ ಟ್ರೀ ಕೊನೆಗೆ ಎಲೈಜಾಳತ್ತ ಹೂವು ಎಸೆದು ಪ್ರೇಮದ ಮುಕ್ತಾಯ ಕೊಟ್ಟಾಗ ಶಾ ಅವರು ಕೆರಳಿದ್ದರು. ಚಿತ್ರದವರೂ ಅದೇ ದಾರಿ ಹಿಡಿದು ಎಲೈಜಾಳನ್ನು ಹಿಗ್ಗಿನ್ಸನ ಮನೆಗೆ ಮರಳಿ ಕರೆತಂದರು. ಅವನು ಕುರ್ಚಿಯಲ್ಲಿ ಒರಗಿಕೊಂಡೇ ಚಪ್ಪಲಿ ಎಲ್ಲಿ ಎಂದು ಕೇಳುತ್ತಾನೆ. ಚಿತ್ರಕಥೆಗೆ ಶಾ ಮತ್ತು ಸಂಗಡಿಗರಿಗೆ ಆಸ್ಕರ್ ಬಂತು. ಆದರೂ ಆ ಕೊನೆಯ ದೃಶ್ಯ ನನಗೆ ಇಂದಿಗೂ ನೋವು ಕೊಡುತ್ತದೆ, ಏಕೆಂದರೆ ಅಲ್ಲಿ ಬದಲಾದದ್ದು ಹೇಳುವ ರೀತಿಯಲ್ಲ, ಎಲೈಜಾಳ ನಿರ್ಧಾರ.

ಆದ್ದರಿಂದ ನಿಮ್ಮ ಕ್ಯಾಮೆರಾದವರು ಎರಡನೆಯ ಅಂಕದ ಮಾತು ಇಳಿಸಲು ಕೇಳಿದರೆ ಒಪ್ಪಿಕೋ. ನಾಯಕಿ ಕೊನೆಗೆ ಬಾಗಿಲು ದಾಟಿ ಹೊರಡುವುದನ್ನು ಬದಲಿಸಲು ಕೇಳಿದರೆ ಒಪ್ಪಬೇಡ. ಚಿತ್ರೀಕರಣಕ್ಕೆ ಮೊದಲು ಆ ದೃಶ್ಯಗಳನ್ನು ಊರಿನ ಜನರೆದುರು ಒಮ್ಮೆ ಆಡಿ ನೋಡಿರಿ, ನಗೆ ಬಿದ್ದ ಜಾಗಗಳನ್ನು ಪ್ರತಿಯಲ್ಲಿ ಗುರುತು ಹಾಕಿಸು. ಆ ಪ್ರತಿಯನ್ನು ನನಗೂ ಕಳುಹಿಸು.

ಇಂತು ನಿನ್ನ ಗೆಳೆಯ