ಬೀಗ ಹಾಕಿದ ಮನೆಯಲ್ಲಿ ದರೋಡೆ ಹೇಗೆ?

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ‘ಬೀಗ ಹಾಕಿದ್ದ ಮನೆಯಲ್ಲಿ ದರೋಡೆ’ ಎಂಬ ಸುದ್ದಿ ನೋಡಿದೆ. ಮನೆಯವರೆಲ್ಲ ಮದುವೆಗೆ ಹೋಗಿದ್ದರಂತೆ. ಹಾಗಾದರೆ ದರೋಡೆಕೋರರು ಹೆದರಿಸಿದ್ದು ಯಾರನ್ನು, ಬೀರುವನ್ನಾ?

ತಮಾಷೆಗೆ ಕೇಳುತ್ತಿಲ್ಲ. ನಾನು ತರೀಕೆರೆಯಲ್ಲಿ ಕೋರ್ಟಿನ ಹತ್ತಿರ 28 ವರ್ಷದಿಂದ ಟೈಪಿಂಗ್ ಅಂಗಡಿ ಇಟ್ಟುಕೊಂಡವನು. ದೂರು, ಅರ್ಜಿ, ವಿಮೆಯ ಕಾಗದ ಎಲ್ಲ ಬಡಿದಿದ್ದೇನೆ. ಜನ ಬಂದು ‘ದರೋಡೆ ಆಗಿದೆ ಸ್ವಾಮಿ, ಇಂಗ್ಲಿಷಲ್ಲಿ ಬರೆದುಕೊಡಿ’ ಅನ್ನುತ್ತಾರೆ. ಬರೆಯುವುದೇನನ್ನು? ಥೆಫ್ಟ್, ಬರ್ಗ್ಲರಿ, ರಾಬರಿ, ಡಕಾಯಿಟಿ ಎಲ್ಲವೂ ಕಣ್ಣೆದುರು ನಿಲ್ಲುತ್ತವೆ. ಡಿಕ್ಷನರಿ ತೆಗೆದರೆ ಒಂದರ ಅರ್ಥದಲ್ಲಿ ಇನ್ನೊಂದು ಇಣುಕುತ್ತದೆ.

ಒಮ್ಮೆ ನಾನೇ ಎಡವಿದೆ. ಬಟ್ಟೆ ಅಂಗಡಿಯವರೊಬ್ಬರ ಶಟರ್ ಮೀಟಿ, ಬೀಗ ಮುರಿದು, ರಾತ್ರೋರಾತ್ರಿ ಸೀರೆ ಗಂಟು ಹೊತ್ತೊಯ್ದಿದ್ದರು. ವಿಮೆಗೆ ಪತ್ರ ಬೇಕಿತ್ತು. ‘ಅಂಗಡಿಯಲ್ಲಿ ಥೆಫ್ಟ್ ಆಗಿದೆ’ ಎಂದು ಎರಡು ಸಾಲು ಟೈಪ್ ಮಾಡಿಕೊಟ್ಟೆ. ಸುಳ್ಳೇನಲ್ಲ, ಅಲ್ವಾ? ಆದರೆ ಅವರ ಹತ್ತಿರ ಇದ್ದದ್ದು ಬರ್ಗ್ಲರಿ ಪಾಲಿಸಿ. ಅದರಲ್ಲಿ ಬಲವಂತವಾಗಿ ಒಳನುಗ್ಗಿ ಕದ್ದರೆ ಮಾತ್ರ ದುಡ್ಡು. ತೆರೆದ ಬಾಗಿಲಲ್ಲಿ ಬಂದು ಕದ್ದರೆ ಇಲ್ಲ. ನನ್ನ ಪತ್ರದಲ್ಲಿ ಬೀಗದ ಮಾತೇ ಇರಲಿಲ್ಲ. ಕಾಗದ ವಾಪಸ್ ಬಂತು. ಮುರಿದ ಬೀಗದ ಫೋಟೊ, ಎಫ್‌ಐಆರ್ ಪ್ರತಿ ಸೇರಿಸಿ, ಪದ ಬದಲಿಸಿ ಮತ್ತೆ ಬರೆದೆ. ಹಣ ಬರಲು ನಾಲ್ಕು ತಿಂಗಳು ಹಿಡಿಯಿತು. ಇಂಥದೇ ಒಂದು ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತೆಂದು ಆಮೇಲೆ ವಕೀಲರೊಬ್ಬರು ಹೇಳಿದರು. ಪಾಲಿಸಿಯಲ್ಲಿ ಬಲವಂತದ ಪ್ರವೇಶ ಎಂದಿದ್ದರೆ ಬರೀ ಕಳವು ಸಾಲದು ಎಂದು 2004ರಲ್ಲೇ ಕೋರ್ಟು ಹೇಳಿದೆಯಂತೆ. ಆ ಅಂಗಡಿಯವರು ಈಗಲೂ ಕಂಡರೆ ‘ಏನ್ ಥೆಫ್ಟ್ ಸ್ವಾಮಿ, ಚೆನ್ನಾಗಿದ್ದೀರಾ’ ಅನ್ನುತ್ತಾರೆ.

ಅಂದಿನಿಂದ ನಾನು ಡಿಕ್ಷನರಿ ಬಿಟ್ಟೆ. ಬಂದವರನ್ನೇ ಕೇಳುತ್ತೇನೆ. ಬೀಗ ಮುರಿದಿದೆಯಾ? ಆಗ ಒಳಗೆ ಯಾರಾದರೂ ಇದ್ದರಾ? ಹೊಡೆದರಾ, ಚಾಕು ತೋರಿಸಿದರಾ? ಎಷ್ಟು ಜನ ಬಂದಿದ್ದರು? ಅಷ್ಟು ಕೇಳಿದರೆ ಪದ ತಾನಾಗಿ ಸಿಗುತ್ತದೆ. ನಿಮಗೆ ತಿಳಿಯದ ಹಾಗೆ ಸೈಕಲ್ ಎಗರಿಸಿದರೆ ಥೆಫ್ಟ್. ಅದೇ ಸೈಕಲ್ಲನ್ನು ಚಾಕು ತೋರಿಸಿ ಕಿತ್ತುಕೊಂಡರೆ ರಾಬರಿ. ಐದು ಜನ ಅಥವಾ ಜಾಸ್ತಿ ಸೇರಿ ಆ ಕೆಲಸ ಮಾಡಿದರೆ ಡಕಾಯಿಟಿ. ನಾಲ್ಕೇ ಜನ ಬಂದರೆ ಎಷ್ಟೇ ಲೂಟಿ ಮಾಡಲಿ, ಅದು ರಾಬರಿಯೇ. 1860ರ ದಂಡ ಸಂಹಿತೆಯಲ್ಲಿ ಇವು ಕಲಂ 378, 390, 391. ಅದರ ಬದಲಿಗೆ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 303, 309, 310. ನಂಬರ್ ಬದಲಾಯಿತು, ಐದರ ಲೆಕ್ಕ ಬದಲಾಗಲಿಲ್ಲ. ಅಂದಹಾಗೆ, ಡಕಾಯಿಟಿ ಎಂಬುದು ಇಂಗ್ಲಿಷರು ಇಲ್ಲಿಂದಲೇ ಎತ್ತಿಕೊಂಡು ಹೋದ ಪದ. ಅದನ್ನು ಯಾವುದಕ್ಕೆ ಸೇರಿಸಬೇಕೋ ನೀವೇ ಹೇಳಿ.

ಬರ್ಗ್ಲರಿ ಮಾತ್ರ ಸ್ವಲ್ಪ ಮೋಸದ ಪದ. ಇಂಗ್ಲೆಂಡಿನ 1968ರ ಥೆಫ್ಟ್ ಆಕ್ಟ್ ಪ್ರಕಾರ ಕದಿಯಲು ಅಕ್ರಮವಾಗಿ ಒಳಗೆ ಕಾಲಿಟ್ಟರೂ ಸಾಕು, ಬೀಗ ಮುರಿಯಲೇಬೇಕೆಂದಿಲ್ಲ. ನಮ್ಮ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಬಲವಂತದ ಪ್ರವೇಶ ಇರಲೇಬೇಕು. ನಮ್ಮ ದಂಡ ಸಂಹಿತೆಯಲ್ಲಂತೂ ಆ ಪದವೇ ಇಲ್ಲ, ಅಲ್ಲಿರುವುದು ಹೌಸ್ ಬ್ರೇಕಿಂಗ್. ಅದಕ್ಕೇ ಪೊಲೀಸರ ಬಾಯಲ್ಲಿ ಎಚ್‌ಬಿಟಿ, ಅಂದರೆ ಹೌಸ್ ಬ್ರೇಕಿಂಗ್ ಆಂಡ್ ಥೆಫ್ಟ್, ಎಂದು ಓಡಾಡುತ್ತದೆ.

ಹೊಟ್ಟೆ ಉರಿಯುವುದು ಯಾಕೆಂದರೆ, ಇಷ್ಟನ್ನೂ ಕನ್ನಡ ಬಿಡಿಸಿ ಹೇಳಬಲ್ಲದು. ಥೆಫ್ಟಿಗೆ ಕಳವು ಇದೆ, ಬರ್ಗ್ಲರಿಗೆ ಕನ್ನಗಳವು ಇದೆ, ರಾಬರಿಗೆ ಸುಲಿಗೆ ಇದೆ, ಡಕಾಯಿಟಿಗೆ ದರೋಡೆ ಇದೆ. ಠಾಣೆಯ ರೈಟರ್‌ಗಳು ಇವನ್ನು ಸರಿಯಾಗಿಯೇ ಬರೆಯುತ್ತಾರೆ. ಪೇಪರಿಗೆ ಬರುವಷ್ಟರಲ್ಲಿ ಎಲ್ಲವೂ ದರೋಡೆ. ಅದನ್ನು ಓದಿದವರು ನನ್ನ ಅಂಗಡಿಗೆ ಬಂದು ‘ರಾಬರಿ ಅಂತ ಹಾಕಿ’ ಎಂದು ಹಟ ಹಿಡಿಯುತ್ತಾರೆ. ಪೇಪರಲ್ಲೇ ಬಂದಿದೆಯಲ್ಲ ಅನ್ನುತ್ತಾರೆ.

ಮೊನ್ನೆಯ ಹೆಡ್ಡಿಂಗಿಗೆ ‘ಕಳವು’ ಎಂದರೆ ಸಾಕಿತ್ತು. ಜಾಗ ಸಾಲಲಿಲ್ಲ ಎನ್ನುವ ಹಾಗೂ ಇಲ್ಲ. ಅದಕ್ಕೂ ಮೂರಕ್ಷರ, ಇದಕ್ಕೂ ಮೂರೇ.

ಇಂತಿ,
ಒಬ್ಬ ಟೈಪಿಸ್ಟ್, ತರೀಕೆರೆ