ಅಪ್ಪನ ಬಿ.ಪಿ., ಪುಟ್ಟಿಯ ಪಾಸ್ತಾ

ನೇಪಲ್ಸ್, ಇಟಲಿ

ಅಮ್ಮನಿಗೆ ನಮಸ್ಕಾರಗಳು. ನಾನು ಕ್ಷೇಮ. ನಿನ್ನ ಕಾಗದ ಬಂತು.

ಅಪ್ಪನ ಬಿ.ಪಿ. ಮತ್ತೆ ಏರಿದೆ ಅಂತ ಓದಿದಾಗಿನಿಂದ ಮನಸ್ಸೆಲ್ಲ ಹಾಸನದಲ್ಲೇ ಇದೆ. ಅಪ್ಪ ಪುಟ್ಟಿ ಜೊತೆ ಕೂತು ಪಾಸ್ತಾ ತಿನ್ನುವುದನ್ನು ತಪ್ಪಿಸಬೇಕಾ ಅಂತ ಕೇಳಿದ್ದೀಯ. ಪಾಸ್ತಾ ತಿನ್ನಲಿ ಬಿಡು, ಆ ಬಾಟಲಿ ಸಾಸ್ ನಿಲ್ಲಿಸು. ಅದರಲ್ಲಿ ಉಪ್ಪೂ ಜಾಸ್ತಿ, ಸಕ್ಕರೆಯೂ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು, ಸಾರು, ಪಲ್ಯ, ಉಪ್ಪಿನಕಾಯಿ ಎಲ್ಲ ಸೇರಿ. ಟೊಮ್ಯಾಟೊ ಸಾಸ್ ಮನೆಯಲ್ಲೇ ಮಾಡಿದರೆ ಉಪ್ಪು ನಿನ್ನ ಕೈಯಲ್ಲಿರುತ್ತೆ.

ಇಲ್ಲಿ ವೆಸುವಿಯಸ್ ಬೆಟ್ಟದ ಆಸುಪಾಸು ಬೆಳೆಯುವ ಸ್ಯಾನ್ ಮಾರ್ಜಾನೊ ಟೊಮ್ಯಾಟೊ ಇದಕ್ಕೆ ಹೆಸರುವಾಸಿ: ಉದ್ದ ಹಣ್ಣು, ತಿರುಳು ಜಾಸ್ತಿ, ಬೀಜ ಕಮ್ಮಿ. ನೀನು ಕಟ್ಟಿನಕೆರೆ ಮಾರುಕಟ್ಟೆಯಿಂದ ಚೆನ್ನಾಗಿ ಕೆಂಪಾದ ಉದ್ದನೆಯ ಹಣ್ಣೇ ಒಂದು ಕೆ.ಜಿ. ತರಿಸು. ನಾಟಿ ಹಣ್ಣು ಸಾರಿಗೆ ಇರಲಿ, ಅದರಲ್ಲಿ ನೀರೂ ಹುಳಿಯೂ ಹೆಚ್ಚು. ಬುಡದಲ್ಲಿ ಅಡ್ಡ-ಉದ್ದ ಗೀರಿ, ಕುದಿಯುವ ನೀರಲ್ಲಿ ಅರ್ಧ ನಿಮಿಷ ಬಿಟ್ಟು ತಣ್ಣೀರಿಗೆ ಹಾಕು. ಗೀರಿದ ಕಡೆಯಿಂದ ಸಿಪ್ಪೆ ಸುರುಳಿ ಬಿಟ್ಟುಕೊಳ್ಳುತ್ತೆ. ಕೈಯಲ್ಲೇ ಕಿವುಚು. ಮಿಕ್ಸಿಗೆ ಹಾಕಿದರೆ ಗಾಳಿ ಸೇರಿ ಬಣ್ಣ ಪೇಲವ ಆಗುತ್ತೆ, ಬೀಜ ಒಡೆದು ಕಹಿ ಬರುತ್ತೆ.

ದಪ್ಪ ತಳದ ಅಗಲವಾದ ಸ್ಟೀಲ್ ಪಾತ್ರೆ ಇಡು. ಅಲ್ಯೂಮಿನಿಯಂ ಆದರೆ ಹುಳಿಗೆ ಲೋಹದ ರುಚಿ ಬಿಡುತ್ತೆ. ಮೂರು ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು, ಸಣ್ಣ ಉರಿ. ಘಮ ಬಂದ ಕೂಡಲೇ ಟೊಮ್ಯಾಟೊ ಹಾಕು. ಬೆಳ್ಳುಳ್ಳಿ ಕಂದಿದರೆ ಇಡೀ ಸಾಸ್ ಕಹಿ, ಆ ಎಣ್ಣೆ ಚೆಲ್ಲಿ ಹೊಸದಾಗಿ ಶುರು ಮಾಡು. ಹಣ್ಣು ಹುಳಿ ಅನ್ನಿಸಿದರೆ ಅರ್ಧ ಕ್ಯಾರೆಟ್ ತುರಿದು ಜೊತೆಗೇ ಹಾಕು, ಸಕ್ಕರೆ ಬೇಡ. ಮುಚ್ಚದೆ ಅರ್ಧ ಗಂಟೆ ಬೇಯಲಿ. ಕುಕ್ಕರ್‌ನಲ್ಲಿಟ್ಟರೆ ಆವಿ ಹೋಗದೆ ತಿಳಿಸಾರಾಗುತ್ತೆ. ಸೌಟು ಎಳೆದಾಗ ತಳದಲ್ಲಿ ದಾರಿ ಉಳಿಯಬೇಕು, ಅಂಚಲ್ಲಿ ಎಣ್ಣೆ ಬಿಡಬೇಕು. ಉಪ್ಪು ಕಾಲು ಚಮಚ ಸಾಕು, ಬತ್ತಿದ ಮೇಲೆ ಹಾಕು. ಒಲೆ ಆರಿಸಿ ಕಾಮಕಸ್ತೂರಿ ಎಲೆ ನಾಲ್ಕೈದು ಹರಿದು ಹಾಕು. ತುಳಸಿ ಬೇಡ, ಅದರ ಘಾಟು ಬೇರೆ.

ಒಗ್ಗರಣೆ, ಮಸಾಲೆ ಏನೂ ಇಲ್ಲದೆ ರುಚಿ ಹೇಗೆ ಅನ್ನಬೇಡ, ಮಾಡಿ ನೋಡು. ಇಲ್ಲಿ ಬೇಸಿಗೆ ಕೊನೆಯಲ್ಲಿ ಮನೆಮಂದಿಯೆಲ್ಲ ಸೇರಿ ವರ್ಷಕ್ಕಾಗುವಷ್ಟು ಟೊಮ್ಯಾಟೊ ಬಾಟಲಿಗೆ ತುಂಬಿಡುತ್ತಾರೆ, ನಮ್ಮ ಹಪ್ಪಳ ಸಂಡಿಗೆ ಥರ. ನೀನು ಮಾತ್ರ ಹೊರಗಿಡಬೇಡ. ಫ್ರಿಜ್‌ನಲ್ಲಿ ಮೂರು ದಿನ, ಅಷ್ಟೇ.

ಪಾಸ್ತಾ ಬೇಯಿಸುವ ನೀರಿಗೆ ಇಲ್ಲಿಯವರು ಲೀಟರಿಗೆ 10 ಗ್ರಾಂ ಉಪ್ಪು ಹಾಕುತ್ತಾರೆ. ಅಪ್ಪನಿಗೆ ಅದು ಬೇಡವೇ ಬೇಡ. ಬೇಯಲು ಒಂದು ನಿಮಿಷ ಇರುವಾಗಲೇ ಬಸಿದು, ತೊಳೆಯದೆ, ಬಸಿದ ನೀರು ಒಂದು ಸೌಟು ಸೇರಿಸಿ ಸಾಸ್‌ನಲ್ಲೇ ತಿರುವು. ಆ ಗಂಜಿಯಿಂದಲೇ ಸಾಸ್ ಅಂಟುವುದು.

ತಲೆಸುತ್ತು ನಿಂತಿತು ಅಂತ ಅಪ್ಪ ತಾವಾಗೇ ಮಾತ್ರೆ ಬಿಡಬಾರದು, ಡಾಕ್ಟರನ್ನು ಕೇಳದೆ ಒಂದು ದಿನವೂ ಬೇಡ. ದುಡ್ಡಿನ ಯೋಚನೆ ಮಾಡಬೇಡ, ಕಳಿಸುತ್ತೇನೆ. ಹೆದರಬೇಡ, ಏನೂ ಆಗಲ್ಲ, ಖಂಡಿತ ಏನೂ ಆಗಲ್ಲ. ರೈಲಿಗೆ ಹೊತ್ತಾಯಿತು. ಬಿ.ಪಿ. ನೋಡಿಸಿದ ದಿನವೇ ಎಷ್ಟಿದೆ ಅಂತ ತಿಳಿಸು. ಪುಟ್ಟಿಗೆ ಮುತ್ತು.

ಇಂತಿ,
ನಿನ್ನ ಮಗಳು