ಮಗಳಿಗೊಂದು ಪತ್ರ: ನಿನ್ನ ಕೈಯಳತೆಯ ಕೋಲು

ಪುಟ್ಟಿ,

ನಿನ್ನ ಕಾಗದ ಓದಿದೆ. ಮೊಂಟಾನಾದ ಮ್ಯಾಡಿಸನ್ ನದಿಗೆ ಫ್ಲೈ ಫಿಶಿಂಗ್‌ಗೆಂದು ಹೋಗಿ ವಾರವಾರವೂ ಬರಿಗೈಲಿ ಬರುತ್ತಿದ್ದೀಯ. ಜೊತೆಯವರಿಗೆಲ್ಲ ಮೀನು ಸಿಗುತ್ತಿದೆ. ಕಡೆಗೊಂದು ದೊಡ್ಡ ಬ್ರೌನ್ ಟ್ರೌಟ್ ಕಚ್ಚಿಯೂ ದಾರ ಹರಿದುಕೊಂಡು ಹೋಯಿತು. ಇದು ನನ್ನ ಕೈಲಾಗದ ಕೆಲಸ, ಗಾಳದ ರಾಡ್ ಮಾರಿಬಿಡ್ತೀನಿ ಅಂದಿದ್ದೀಯ. ಮಾರು, ಬೇಡ ಅನ್ನೋಲ್ಲ. ಅಂಗಡಿಯ ಆ ರಾಡ್‌ನ ಹಿಡಿ ಮೊದಲಿನಿಂದಲೂ ನಿನ್ನ ಅಂಗೈಗೆ ದಪ್ಪ. ನಿನಗೆಂದೇ ಬೇರೆಯದೊಂದನ್ನು ಕಟ್ಟಲು ಕೂತಿದ್ದೇನೆ. ನದಿಗೆ ಹೋಗುವುದನ್ನು ಮಾತ್ರ ಬಿಡಬೇಡ.

9 ಅಡಿ ಉದ್ದದ, ನಾಲ್ಕು ತುಂಡಿನ ಗ್ರಾಫೈಟ್ ಬ್ಲ್ಯಾಂಕ್, ಅಂದರೆ ಇನ್ನೂ ಏನೂ ಜೋಡಿಸದ ಬರೀ ಕೋಲು ತರಿಸಿದ್ದೇನೆ, 5ನೇ ನಂಬರ್ ಲೈನಿಗೆ, ಅಂದರೆ ಬೀಸಿ ಎಸೆಯುವ ಆ ದಪ್ಪ ದಾರಕ್ಕೆ ಹೊಂದುವಂಥದ್ದು. ಮೊಂಟಾನಾದ ಗಾಳಿಗೆ ಇನ್ನೂ ಭಾರದ 6 ಇರಲಿ ಅಂತ ನೀನು ಹೇಳಬಹುದು. ಆದರೆ ಇಡೀ ದಿನ ಬೀಸುವ ಭುಜ ನಿನ್ನದು, 5 ಸಾಕು. ಆ ಲೈನಿನ ಮೊದಲ 30 ಅಡಿ ತೂಗುವುದು 140 ಗ್ರೇನ್, ಅಂದರೆ 9 ಗ್ರಾಂ ಚಿಲ್ಲರೆ. ಗಾಳಕ್ಕೆ ಪುಕ್ಕ ಸುತ್ತಿ ಹುಳುವಿನಂತೆ ಮಾಡಿದ ಫ್ಲೈಗೆ ತೂಕವೇ ಇಲ್ಲ, ಕೋಲು ಹಾರಿಸಬೇಕಾದ್ದು ಆ ಒಂಬತ್ತು ಗ್ರಾಮನ್ನೇ. ಹಾಗಾಗಿ ಕೋಲು ಎಲ್ಲಿ ಬಳುಕುತ್ತದೆ, ಎಲ್ಲಿ ಬಿಗಿಯಾಗಿ ನಿಲ್ಲುತ್ತದೆ ಅನ್ನುವುದನ್ನು ಕೈಯಲ್ಲಿ ಹಿಡಿದೇ ನೋಡಬೇಕು.

ಪ್ರತಿ ತುಂಡಿಗೂ ಒಂದು ಗಟ್ಟಿ ಮಗ್ಗುಲಿರುತ್ತದೆ, ಸ್ಪೈನ್ ಅನ್ನುತ್ತಾರೆ. ಗ್ರಾಫೈಟ್ ಹಾಳೆಯನ್ನು ಉಕ್ಕಿನ ಸಲಾಕೆಗೆ ಸುತ್ತಿ ಬೇಯಿಸುವಾಗ ಅಂಚಿನ ಮೇಲೆ ಅಂಚು ಬೀಳುವುದರಿಂದ ಬರುವಂಥದ್ದು. ಬುಡವನ್ನು ಮೇಜಿಗೆ ಊರಿ, ನಡುವನ್ನು ಒತ್ತಿ ಬಾಗಿಸಿ ಉರುಳಿಸಿದರೆ ತುಂಡು ಒಂದು ಕಡೆಗೆ ತಾನಾಗಿ ಜಿಗಿದು ನಿಲ್ಲುತ್ತದೆ. ಅಲ್ಲಿ ಗುರುತು ಹಾಕಿ, ಲೈನ್ ಹಾಯುವ ಉಂಗುರಗಳಾದ ಗೈಡ್‌ಗಳನ್ನು ಅದೇ ನೇರಕ್ಕೆ ಜೋಡಿಸುತ್ತೇನೆ. ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಒಳ್ಳೇ ಕೆಲಸಗಾರರೂ ಇದ್ದಾರೆ. ನನಗೆ ನೋಡದೆ ಸಮಾಧಾನವಿಲ್ಲ.

ಗೈಡಿನ ಪಾದಗಳನ್ನು ಅರದಿಂದ ತೆಳ್ಳಗೆ ಉಜ್ಜಿ, ರೇಷ್ಮೆ ದಾರವನ್ನು ಎಳೆ ಪಕ್ಕ ಎಳೆ ಬರುವಂತೆ, ಸಂದು ಬಿಡದೆ ಸುತ್ತುವ ಕೆಲಸ ನನಗೆ ತುಂಬ ಇಷ್ಟ. ಸೀರೆಗೆ ಕುಚ್ಚು ಕಟ್ಟಿದ ಬೆರಳುಗಳಿಗೆ ಅದು ಬೇಗ ಒಲಿಯಿತು. ಸುತ್ತಿನ ಮೇಲೆ ಎಪಾಕ್ಸಿ ಅಂಟು ಹಚ್ಚುವವರೆಗೆ ಎಲ್ಲವನ್ನೂ ತಿದ್ದಬಹುದು. ಸುತ್ತು ಸರಿಬರಲಿಲ್ಲವೋ, ಬ್ಲೇಡಿನಿಂದ ಕೊಯ್ದು ಮತ್ತೆ ಸುತ್ತುವುದು. ಹಚ್ಚಿದ ಮೇಲೆ ಅದು ಗಟ್ಟಿಯಾಗುವ ತನಕ ಕೋಲನ್ನು ಸಣ್ಣ ಮೋಟಾರಿಗೆ ಸಿಕ್ಕಿಸಿ ತಿರುಗಿಸುತ್ತಲೇ ಇರಬೇಕು, ಇಲ್ಲದಿದ್ದರೆ ಇಳಿದು ಜೋತುಬೀಳುತ್ತದೆ.

ಹಿಡಿಗೆ ಪೋರ್ಚುಗಲ್‌ನ ಕಾರ್ಕ್ ಬಿಲ್ಲೆಗಳು ಬಂದಿವೆ. ಒಂದು ಸಲ ತೊಗಟೆ ತೆಗೆದ ಮರವನ್ನು ಮತ್ತೆ 9 ವರ್ಷ ಮುಟ್ಟುವಂತಿಲ್ಲವಂತೆ, ಅದಕ್ಕೇ ಒಂದು ಬಿಲ್ಲೆಯನ್ನೂ ದಂಡ ಮಾಡಲು ಮನಸ್ಸಾಗುವುದಿಲ್ಲ. ಲೈನ್ ಸುತ್ತುವ ರೀಲ್ ಕೂರುವ ಜಾಗಕ್ಕೆ ತೀರ್ಥಹಳ್ಳಿ ಮನೆಯ ಹಳೇ ಬಾಗಿಲಿನ ಹಲಸಿನ ತುಂಡು ಹಾಕುತ್ತೇನೆ. ವೀಣೆಗೆ ಬಳಸುವ ಮರ, ಎಣ್ಣೆ ಉಜ್ಜಿದರೆ ಹೊಂಬಣ್ಣ ಬರುತ್ತದೆ.

ಈಗ ನಿನ್ನ ಬರಿಗೈ ದಿನಗಳ ವಿಚಾರ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ನೀನು ಮಂಡಕ್ಕಿ ಎಸೆಯುತ್ತಿದ್ದಾಗ ಮೀನುಗಳು ಒಂದರ ಮೇಲೊಂದು ಬಿದ್ದು ಬರುತ್ತಿದ್ದವು. ಅಲ್ಲಿ ಅವುಗಳನ್ನು ಯಾರೂ ಹಿಡಿಯುವುದಿಲ್ಲ, ಅವಕ್ಕೆ ಹೆದರಿಕೆಯಿಲ್ಲ. ಮ್ಯಾಡಿಸನ್‌ನ ಟ್ರೌಟ್ ಹಾಗಲ್ಲ. ಮೊಂಟಾನಾ 1974ರಿಂದೀಚೆಗೆ ಟ್ರೌಟ್ ನದಿಗಳಿಗೆ ಸಾಕಿದ ಮರಿ ಬಿಡುವುದನ್ನು ನಿಲ್ಲಿಸಿತು. ನೀನು ಕಾಯುತ್ತಿರುವುದು ಆ ನೀರಲ್ಲೇ ಹುಟ್ಟಿ, ಹದ್ದು, ಕೊಕ್ಕರೆ, ಗಾಳ ಎಲ್ಲದರಿಂದ ತಪ್ಪಿಸಿಕೊಂಡು ಬೆಳೆದ ಮೀನಿಗೆ. ಜೊತೆಗೆ ಈಗಿನ್ನೂ ಏಪ್ರಿಲ್. ನೀರು 4 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಟ್ರೌಟ್‌ಗೆ ಹಸಿವು ಮಂದ, 10 ದಾಟಿದ ಮೇಲೆ ಚುರುಕು. ಥರ್ಮಾಮೀಟರ್ ಜೇಬಿನಲ್ಲಿಟ್ಟುಕೋ. ಫ್ಲೈ ಕಟ್ಟುವ ಮೊದಲು ಒಂದು ಕಲ್ಲು ಎತ್ತಿ ಅಡಿಯಲ್ಲಿ ಯಾವ ಹುಳುವಿದೆ ನೋಡು. ಮೀನು ಬಾರದ್ದಕ್ಕೆ ಕಾರಣ ಸಾಮಾನ್ಯವಾಗಿ ನೀರಲ್ಲೇ ಇರುತ್ತದೆ. ನಿನ್ನ ಯೋಗ್ಯತೆಯನ್ನು ಯಾಕೆ ನಡುವೆ ತರುತ್ತೀಯ?

ಹರಿದುಹೋದ ಆ ದೊಡ್ಡ ಮೀನಿಗೆ ಮಾತ್ರ ನಿನ್ನ ಜೊತೆ ನಾನೂ ಮರುಗಿದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ ಅಂದೆಯಲ್ಲ, ಬರುವುದಿಲ್ಲ. ಅದನ್ನು ಬೇಗ ಮರೆ ಅಂತ ನಾನು ಹೇಳುವುದಿಲ್ಲ. ಲೈನಿನ ತುದಿಗೆ ನೀನು ಕಟ್ಟುವ ಸಣ್ಣ 5ಎಕ್ಸ್ ದಾರದ ದಪ್ಪ ಇಂಚಿನ ಸಾವಿರದಲ್ಲಿ ಆರು ಭಾಗ. ಗಂಟು ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಬೇಕು, ಒಣದಾರ ಉಜ್ಜಿದರೆ ಅಲ್ಲೇ ಸೊರಗುತ್ತದೆ. ದೊಡ್ಡದು ಓಡಲು ಹೊರಟಾಗ ಲೈನ್ ಬಿಡು, ಕೋಲು ಬಾಗಿ ದಣಿಸುತ್ತದೆ.

ಮೀನಿಲ್ಲದ ದಿನ ಹುಲ್ಲಿನ ಮೇಲೆ ನಿಂತು ಬೀಸುವುದನ್ನು ಅಭ್ಯಾಸ ಮಾಡು. ಇಲ್ಲಿ ನ್ಯೂಯಾರ್ಕ್ ರಾಜ್ಯದ ನಮ್ಮ ಬೀವರ್‌ಕಿಲ್ ನದಿಯ ಮೇಲ್ದಂಡೆಯಲ್ಲಿ ಗಂಡ ಲೀ ಜೊತೆ 1979ರಲ್ಲಿ ಫ್ಲೈ ಫಿಶಿಂಗ್ ಶಾಲೆ ತೆರೆದ ಜೋನ್ ವುಲ್ಫ್, 1951ರಲ್ಲಿ ಗಂಡಸರೇ ತುಂಬಿದ್ದ ದೂರ ಎಸೆತದ ಸ್ಪರ್ಧೆ ಗೆದ್ದವರು. 1960ರಲ್ಲಿ 161 ಅಡಿ ದೂರಕ್ಕೆ ಎಸೆದರು. ಆ ಎಸೆತದ ತುದಿಯಲ್ಲಿ ಮೀನಿರಲಿಲ್ಲ.

ಮ್ಯಾಡಿಸನ್ ಕೂಡ ಕಷ್ಟ ಕಂಡ ನದಿ ಪುಟ್ಟಿ. 1994ರಲ್ಲಿ ಅಲ್ಲಿ ವರ್ಲಿಂಗ್ ಡಿಸೀಸ್ ಪತ್ತೆಯಾಯಿತು. ಎಳೇ ಮರಿಗಳ ಮೃದು ಎಲುಬಿಗೆ ಪರೋಪಜೀವಿ ಹೊಕ್ಕು, ಅವು ನೀರಲ್ಲಿ ಗಿರಕಿ ಹೊಡೆಯುತ್ತಾ ಸಾಯುತ್ತಿದ್ದವು. ರೇನ್‌ಬೋ ಟ್ರೌಟ್ ಹತ್ತರಲ್ಲಿ ಒಂಬತ್ತು ಪಾಲು ಹೋದವು, ನಿಧಾನವಾಗಿ ಮತ್ತೆ ಹೆಚ್ಚಿದವು. 2021ರ ನವೆಂಬರ್ ಕೊನೆಗೆ ಹೆಬ್ಗೆನ್ ಅಣೆಕಟ್ಟಿನ ಗೇಟಿನ ಭಾಗವೊಂದು ಮುರಿದು ನದಿ ಬತ್ತಿದಾಗ, ಊರವರು ಬಕೆಟ್ ಹಿಡಿದು ಬಂದು ಕಲ್ಲುಗಳ ನಡುವೆ ಸಿಕ್ಕಿಕೊಂಡ ಮೀನುಗಳನ್ನು ನೀರಿಗೆ ಸೇರಿಸಿದರು. ಆ ಜನರ ನಡುವೆ ನೀನಿದ್ದೀಯ ಅನ್ನುವುದು ನನಗೆ ಸಂತೋಷ.

ಹಿಡಿದದ್ದನ್ನು ತಿನ್ನದೆ ನೀರಿಗೇ ಬಿಡುವುದಾದರೆ ಯಾಕೆ ಹಿಡಿಯಬೇಕು ಅಂತ ಅಜ್ಜಿ ಈಗಲೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೀನಿಗೆ ನೋವಾಗುವುದಿಲ್ಲ ಅಂತ ನಾನು ವಾದಿಸುವುದಿಲ್ಲ. ಆದ್ದರಿಂದಲೇ ಹಿಮ್ಮುಳ್ಳಿಲ್ಲದ ಗಾಳ ಕಟ್ಟು, ಕೈ ಒದ್ದೆ ಮಾಡಿಕೊಂಡು ಹಿಡಿ, ಫೋಟೊಕ್ಕೆಂದು ನೀರಿನಿಂದಾಚೆ ಇಟ್ಟುಕೊಳ್ಳಬೇಡ. ಬೇಸಿಗೆಯಲ್ಲಿ ನೀರು ಬಿಸಿಯಾಗಿ ಮಧ್ಯಾಹ್ನ 2ರ ಮೇಲೆ ಹಿಡಿಯಬಾರದೆಂದು ಆದೇಶ ಬರುತ್ತದಲ್ಲ, ಅದಕ್ಕೂ ಮೊದಲೇ, 20 ಡಿಗ್ರಿಗೇ ನಿಲ್ಲಿಸಿಬಿಡು.

ಇನ್ನು ನೀನು ಮಾಡಬೇಕಾದ್ದು: ಬಲ ಅಂಗೈಯ ಅಗಲ ಅಳೆದು ಕಳಿಸು. ಕೋಲು ಹಿಡಿಯುವಾಗ ಮೇಲೆ ಹೆಬ್ಬೆರಳಿಡುತ್ತೀಯೋ ತೋರುಬೆರಳೋ ಅದನ್ನೂ ಬರಿ, ಕಾರ್ಕಿಗೆ ಉಪ್ಪುಕಾಗದ ಹಾಕುವುದು ಆಮೇಲೆ. ದಾರಕ್ಕೆ ಅಡಿಕೆಯ ಕೆಂಪು ಆರಿಸಿದ್ದೇನೆ, ಬೇರೆ ಬೇಕಾದರೆ ಈ ವಾರದೊಳಗೆ ಹೇಳು. ಹಿಡಿಯ ಮೇಲ್ಗಡೆ ನಿನ್ನ ಹೆಸರನ್ನು ಕನ್ನಡದಲ್ಲೇ ಬರೆಯುತ್ತೇನೆ.

ನಿನ್ನ,
ಅಮ್ಮ